ಅಗತ್ತಿಯ ಗಿಡ್ಡ ರನ್‌ವೇ

ಕೊಪ್ಪ, ಜಯಪುರದ ಕಡೆಯ ನಮಗೆ ಈಗ ವಿಮಾನವೆಂದರೆ ಶಿವಮೊಗ್ಗದ ಸೋಗಾನೆ. 2023ರಲ್ಲಿ ಶುರುವಾದ ಅಲ್ಲಿನ ರನ್‌ವೇ 3,200 ಮೀಟರ್ ಉದ್ದ. ಎಟಿಆರ್-72 ವಿಮಾನ ಇಳಿದ ಮೇಲೂ ಬೇಕಾದಷ್ಟು ಉಳಿಯುತ್ತದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಆ ಧಾರಾಳ ಇಲ್ಲ. ಇರುವುದೇ ಸುಮಾರು 1,200 ಮೀಟರ್. ಅದಿರುವ ದ್ವೀಪದ ದಕ್ಷಿಣದ ಬಾಲ ಹೆಚ್ಚುಕಡಿಮೆ ರನ್‌ವೇಯಷ್ಟೇ ಕಿರಿದು, ಎರಡೂ ಮಗ್ಗುಲಲ್ಲಿ ನೀರು.

2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಅಗತ್ತಿಗೆ ಇಂಡಿಗೋದ ನೇರ ಎಟಿಆರ್ ಹಾರಾಟ ಶುರುವಾಯಿತು. ಎಟಿಆರ್‌ನ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ: ಮೊದಲು ಕಡುನೀಲಿ, ಆಮೇಲೆ ಹವಳದ ದಿಬ್ಬಕ್ಕೆ ಅಲೆ ಒಡೆಯುವ ಬಿಳಿ ಗೆರೆ, ಅದರೊಳಗೆ ತಿಳಿ ಹಸಿರು ನೀರು. ನೆಲ ಮಾತ್ರ ಕೊನೆಯವರೆಗೂ ಕಾಣಿಸುವುದಿಲ್ಲ.

ಚಕ್ರ ಊರಿದಾಗ 'ಧಡ್' ಎನ್ನುತ್ತದೆ. ಪೈಲಟ್‌ಗೆ ಕೈ ಕುದುರಿಲ್ಲ ಎಂದು ಪಕ್ಕದವರು ಗೊಣಗಬಹುದು. ನನಗೇನೋ ಆ ಸದ್ದೇ ಇಷ್ಟ. ಗಿಡ್ಡ ರನ್‌ವೇಯಲ್ಲಿ ನಾಜೂಕಾಗಿ ತೇಲಿಸುತ್ತಾ ಹೋದರೆ ಒಂದೊಂದು ಕ್ಷಣಕ್ಕೂ ಹತ್ತಾರು ಮೀಟರ್ ಕೈತಪ್ಪುತ್ತದೆ. ಗುರುತಿಟ್ಟ ಜಾಗದಲ್ಲೇ ಗಟ್ಟಿಯಾಗಿ ಊರುವುದೇ ಕಸುಬು. ಕೂಡಲೇ ಪ್ರೊಪೆಲರ್ ಎಲೆಗಳು ಕೋನ ಬದಲಿಸಿ ಗಾಳಿಯನ್ನು ಮುಂದಕ್ಕೆ ನೂಕುತ್ತವೆ, ಎಂಜಿನ್ ಗುರುಗುಟ್ಟುತ್ತದೆ, ಮೈ ಮುಂದಕ್ಕೆ ವಾಲಿ ಸೀಟ್ ಬೆಲ್ಟ್ ಹೊಟ್ಟೆಗೆ ಒತ್ತುತ್ತದೆ.

ಲಕ್ಷದ್ವೀಪಕ್ಕೆ ಬರಲು ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಂಡಿರಬೇಕು. ಬಂಗಾರಂ ದ್ವೀಪದ ರೆಸಾರ್ಟಿಗೆ ಹೋಗುವವರಿಗೆ ಅಗತ್ತಿಯಿಂದ ಮುಂದಿನದು ದೋಣಿ ಪ್ರಯಾಣ.