ತೂಕ ಹಾಕಿದ ಮೇಲೆ

ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಒಮ್ಮೆ ಹೋಗಿ ಕೂತು ನೋಡಬೇಕು. ತೊಲೆಗೆ ಕಟ್ಟಿದ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ, ಜೋಲಿಯೊಳಗೆ ಕಾಲು ಬಡಿಯುತ್ತಾ ಅಳುವ ಕೂಸು. ಮುಳ್ಳು ನಿಲ್ಲುವುದೇ ಇಲ್ಲ. ಟೀಚರ್ ಒಂದು ಅಂಕಿ ಹೇಳುತ್ತಾರೆ, ತಾಯಿ ಕಾರ್ಡಿನ ಚುಕ್ಕೆ ಹಸಿರಿನಿಂದ ಹಳದಿಗೆ, ಅಂದರೆ ತೂಕ ಕಡಿಮೆಯೆನ್ನುವ ಪಟ್ಟಿಗೆ, ಇಳಿಯುತ್ತದೆ, ಅಂಕಿ ಮೊಬೈಲಿಗೂ ಏರುತ್ತದೆ. "ಚೆನ್ನಾಗಿ ತಿನ್ಸಮ್ಮ" ಅಂತ ತಾಯಿಗೊಂದು ಮಾತು. ಮುಂದಿನ ಮಗು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದದ್ದು ಈ ಅಂಗನವಾಡಿ ಯೋಜನೆ, ನಮ್ಮಲ್ಲಿ ಟಿ. ನರಸೀಪುರದಲ್ಲಿ. ಊಟ, ಚುಚ್ಚುಮದ್ದು, ತಪಾಸಣೆ, ಆಟಪಾಠ ಎಲ್ಲವೂ ಒಂದೇ ಸೂರಿನಡಿ. ಹೊಟ್ಟೆಗೂ ಕಲಿಕೆಗೂ ನಂಟಿದೆ ಎಂದು ಬಲ್ಲವರು ರೂಪಿಸಿದ್ದು. ಕಲ್ಪನೆಯಲ್ಲಿ ನನಗೆ ತಕರಾರಿಲ್ಲ.

ತಕರಾರಿರುವುದು ವಯಸ್ಸಿನ ಬಗ್ಗೆ. ಮಿದುಳು ಭರದಿಂದ ಬೆಳೆಯುವುದು ಮೊದಲ ಎರಡು ವರ್ಷ. ಅಂಗನವಾಡಿ ದಿನವೂ ಬಾಗಿಲು ತೆರೆಯುವುದು ಮೂರು ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪಾಕೆಟ್. ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಹಸಿದ ಅಕ್ಕ ಎದುರಿಗೇ ಕೂತಿರುವಾಗ ತಮ್ಮನಿಗಷ್ಟೇ ಕೊಡುವ ತಾಯಿ ಯಾರಿದ್ದಾಳೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 65.5 ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಇಳಿಯಬೇಕಾದದ್ದು ಏರಿದೆ.

ರಕ್ತ ಕಡಿಮೆಯಿರುವ ಕೂಸು ಹಟ ಮಾಡುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಮನೆಯವರು "ಬಲು ಸಾಧು" ಅನ್ನುತ್ತಾರೆ. ಆರು ತುಂಬಿ ಶಾಲೆಗೆ ಬಂದಾಗ ಅದೇ ಮಗುವನ್ನು ಮೇಷ್ಟ್ರು "ಮಂಕು" ಅನ್ನುತ್ತಾರೆ.

ಚಿಕ್ಕ ಮಕ್ಕಳಿರುವ ಮನೆಗೇ ಸೇವೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯಿದೆ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1977ರಿಂದ ಆರೋಗ್ಯ ಕಾರ್ಯಕರ್ತೆಯರು ಹದಿನೈದು ದಿನಕ್ಕೊಮ್ಮೆ ಮನೆಬಾಗಿಲಿಗೇ ಹೋದರು; 1982ರಿಂದ ದಡಾರ ಲಸಿಕೆಯೂ ಸೇರಿತು. ಆ ದಿನಗಳಲ್ಲಿ ಹುಟ್ಟಿದ ಮಕ್ಕಳ ಬುದ್ಧಿಶಕ್ತಿಯನ್ನು 1996ರಲ್ಲಿ ಅಳೆದಾಗ, ಆ ಸೇವೆ ಸಿಗದ ಹಳ್ಳಿಗಳ ಮಕ್ಕಳಿಗಿಂತ ಇವರು ಮುಂದಿದ್ದರು. ದುಬಾರಿ ಯಂತ್ರ ಯಾವುದೂ ಅಲ್ಲಿರಲಿಲ್ಲ. ಮತ್ತೆ ಮತ್ತೆ ಬರುವ ಒಬ್ಬಳು ಹೆಂಗಸಿದ್ದಳು.

ನಮ್ಮ ಆಶಾ ಕಾರ್ಯಕರ್ತೆ ನಿಯಮದಂತೆ ಬರುವುದು ಹೆರಿಗೆಯ ನಂತರದ 42 ದಿನ, ಆಮೇಲೆ 15 ತಿಂಗಳು ತುಂಬುವವರೆಗೆ ಐದು ಸಲ. ಅಂಗನವಾಡಿ ಟೀಚರಿಗೆ ಪಾಠ, ಅಡುಗೆಯ ಲೆಕ್ಕ, ರಿಜಿಸ್ಟರ್, ಸಾಲದ್ದಕ್ಕೆ ಸರ್ವೆ. ಅವರನ್ನು ದೂರಿದರೆ ತಪ್ಪು ನಮ್ಮದೇ. ಹಳದಿಗಿಳಿದ ಚುಕ್ಕೆ ಮೇಲಿನವರಿಗೆ ವರದಿಯಾಗಿ ತಲುಪುತ್ತದೆ, ಅದನ್ನು ಹಿಡಿದು ಮರುವಾರ ಆ ಮನೆಗೆ ಹೋಗುವುದು ಯಾರ ಕೆಲಸವೆಂದು ಮಾತ್ರ ಗಟ್ಟಿಯಾಗಿ ಹೇಳುವವರಿಲ್ಲ. ಅಳೆಯುವುದೇ ಆರೈಕೆ ಎನಿಸಿಕೊಂಡಿದೆ.

ಒಂದನೇ ಕ್ಲಾಸಿಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೇಳುತ್ತಾರೆ, ಆಧಾರ್ ಕೇಳುತ್ತಾರೆ. ತಾಯಿ ಕಾರ್ಡ್ ಕೇಳಿದ್ದನ್ನು ನಾನು ಕಂಡಿಲ್ಲ. ಅದು ಟ್ರಂಕಿನಲ್ಲೇ ಇರುತ್ತದೆ, ಹಳದಿ ಚುಕ್ಕೆಯ ಸಮೇತ.