ಹಾಡಿಗೊಪ್ಪುವ ಚಿತ್ರ

ಹಾಡಿಗೆ ಚಿತ್ರ ಬೇಕೆ? ಬೇಡವೆಂದೇ ವಾದಿಸುತ್ತ ಬಂದವನು ನಾನು. ಒಳ್ಳೆಯ ಹಾಡು ಕೇಳುವವನ ಮನಸ್ಸಿನಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಬೇರೆಯವರು ಬರೆದುಕೊಟ್ಟ ಚಿತ್ರ ಆ ಕೆಲಸಕ್ಕೆ ಅಡ್ಡಿಯೇ ಹೊರತು ನೆರವಲ್ಲ. ಪಾಪ್ ಹಾಡುಗಳ ವಿಡಿಯೋಗಳಲ್ಲಿ ಹೆಚ್ಚಿನವು ನನ್ನ ಈ ಹಟವನ್ನು ಬಲಪಡಿಸಿವೆ. ಹಾಡಿನಲ್ಲಿ ಮಳೆಯೆಂದರೆ ತೆರೆಯ ಮೇಲೆ ಮಳೆ; ಕಣ್ಣೀರೆಂದರೆ ಕಣ್ಣೀರು. ಹಟವನ್ನು ಸಡಿಲಿಸಿದ್ದು ಒಂದೇ ಒಂದು: ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾಡಿದ ‘ಹರ್ಟ್’ಗಾಗಿ ಮಾರ್ಕ್ ರೋಮನೆಕ್ ನಿರ್ದೇಶಿಸಿ, 2003ರಲ್ಲಿ ಹೊರಬಂದ ವಿಡಿಯೋ.

ಹಾಡು ಕ್ಯಾಶ್‌ನದಲ್ಲ. ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಜ್ನರ್ ಬರೆದು, 1994ರಲ್ಲಿ ಹೊರತಂದದ್ದು. ಮೂವತ್ತು ತುಂಬದ ತರುಣನ ಆತ್ಮಜುಗುಪ್ಸೆ ಅದರ ವಸ್ತು. ಆಗಲೂ ಅದಕ್ಕೊಂದು ವಿಡಿಯೋ ಇತ್ತು: ವೇದಿಕೆಯ ಮೇಲೆ ಗಾಯಕ, ಪರದೆಯ ಮೇಲೆ ಯುದ್ಧದ, ಕೊಳೆಯುವ ಪ್ರಾಣಿದೇಹದ ಬಿಂಬಗಳು. ನೋವಿಗೆ ನಿದರ್ಶನಗಳು ಬೇಕಾದಷ್ಟಿದ್ದವು. ನೋವು ಯಾರದೆಂಬುದು ಮಾತ್ರ ಮನಸ್ಸಿಗೆ ತಟ್ಟಲಿಲ್ಲ.

ರೋಮನೆಕ್ ಮಾಡಿದ್ದು ಇಷ್ಟೆ: ನೋವಿಗೆ ಒಬ್ಬ ಒಡೆಯನನ್ನು ತೋರಿಸಿದ. ಕ್ಯಾಶ್‌ಗೆ ಆಗ ಎಪ್ಪತ್ತು. ಮಾದಕ ಗುಳಿಗೆಗಳ ಚಟದಲ್ಲಿ ಬೆಂದು ಬಂದ ಜೀವ. ದೇಹ ಕುಗ್ಗಿದೆ, ಕೈ ಸ್ವಾಧೀನದಲ್ಲಿಲ್ಲ. ಟೆನೆಸಿಯ ಆತನ ಮನೆಯಲ್ಲಿ, ಆತನ ಕೀರ್ತಿಗಾಗಿಯೇ ಇದ್ದು ಆಗಲೇ ಮುಚ್ಚಿಹೋಗಿದ್ದ ‘ಹೌಸ್ ಆಫ್ ಕ್ಯಾಶ್’ ವಸ್ತುಸಂಗ್ರಹಾಲಯದಲ್ಲಿ ಚಿತ್ರೀಕರಣ ನಡೆಯಿತು. ತುಂಬಿದ ಔತಣದ ಮೇಜಿನ ಮುಂದೆ ಕುಳಿತ ಮುದುಕ ಬಟ್ಟಲಿನ ಮದ್ಯವನ್ನು ಊಟದ ಮೇಲೆಯೇ ಸುರಿಯುತ್ತಾನೆ. ನಡುನಡುವೆ ಹಳೆಯ ಫಿಲ್ಮಿನ ತುಣುಕುಗಳಲ್ಲಿ ಕಪ್ಪುಗೂದಲಿನ, ಗಟ್ಟಿಮುಟ್ಟಾದ ಅದೇ ಕ್ಯಾಶ್. ಹಾಡಿನ ಒಂದು ಮಾತನ್ನೂ ಈ ಬಿಂಬಗಳು ವಿವರಿಸುವುದಿಲ್ಲ. ಆದರೂ ತರುಣನ ಹತಾಶೆ ಮುದುಕನ ಲೆಕ್ಕ ಒಪ್ಪಿಸುವಿಕೆಯಾಗಿ ಮಾರ್ಪಡುತ್ತದೆ. ಕ್ಷೇಮೇಂದ್ರ ಕಾವ್ಯದ ಜೀವವೆಂದು ಕರೆದ ಔಚಿತ್ಯ ಇದೇ ಅಲ್ಲವೆ?

ಎಲ್ಲಕ್ಕೂ ಮಿಗಿಲಾದದ್ದು ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುವ ಜೂನ್ ಕಾರ್ಟರ್‌ಳ ಮುಖ. ಮಾತಿಲ್ಲ, ಅಭಿನಯವಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಆಕೆ ತೀರಿಕೊಂಡಳು, ಸೆಪ್ಟೆಂಬರಿನಲ್ಲಿ ಕ್ಯಾಶ್. ಇದನ್ನು ತಿಳಿದು ನೋಡುವವನ ಕಣ್ಣು ಮಂಜಾಗುವುದು ಸಹಜ. ಆದರೆ ಆ ನೋಟದಲ್ಲಿರುವ ಕಳವಳ ಸಾವಿನ ಸುದ್ದಿಗಿಂತ ಹಿಂದಿನದು.

ದೋಷವಿಲ್ಲವೆಂದಲ್ಲ. ಕೊನೆಯತ್ತ ಪಿಯಾನೋದ ಒಂದೇ ಸ್ವರ ಸುತ್ತಿಗೆಯಂತೆ ಬಡಿಯತೊಡಗಿದಾಗ ದೃಶ್ಯಗಳು ಓಡತೊಡಗುತ್ತವೆ. ಕ್ಯಾಶ್ ತಾನೇ 1973ರಲ್ಲಿ ಹೊರತಂದ ‘ದಿ ಗಾಸ್ಪೆಲ್ ರೋಡ್’ ಚಿತ್ರದ ಶಿಲುಬೆಯ ದೃಶ್ಯಗಳು ನುಗ್ಗಿಬರುತ್ತವೆ. ಒಬ್ಬ ಮುದುಕನ ದುಃಖ ತನ್ನ ಕಾಲ ಮೇಲೆ ತಾನು ನಿಂತಿತ್ತು. ಅದಕ್ಕೆ ಕ್ರಿಸ್ತನ ಯಾತನೆಯ ಆಸರೆ ಬೇಕಿರಲಿಲ್ಲ. ಪುಣ್ಯಕ್ಕೆ ಕೊನೆ ಶಾಂತವಾಗಿದೆ: ಪಿಯಾನೋದ ಮುಚ್ಚಳ ಮುಚ್ಚುತ್ತದೆ, ಬೆರಳುಗಳು ಅದನ್ನು ಮೆಲ್ಲನೆ ಸವರುತ್ತವೆ.

ಈ ಗೆಲುವಿಗೆ ಬೆಲೆಯನ್ನೂ ತೆರಬೇಕಾಯಿತು. ವಿಡಿಯೋ ನೋಡಿದ ಮೇಲೆ ಹಾಡು ತನ್ನದಾಗಿ ಉಳಿದಿಲ್ಲವೆನಿಸಿತೆಂದು ರೆಜ್ನರನೇ ಹೇಳಿಕೊಂಡಿದ್ದಾನೆ. ನನಗೂ ಅಷ್ಟೆ. ರೆಜ್ನರನ ದನಿಯಲ್ಲಿ ಕೇಳಿದರೂ ಕಣ್ಣೆದುರು ಬರುವುದು ಆ ಮುದಿ ಕೈಗಳೇ. ನನ್ನ ಮನಸ್ಸು ಬರೆದುಕೊಳ್ಳಬಹುದಾಗಿದ್ದ ಚಿತ್ರಕ್ಕೆ ಎಡೆಯೇ ಉಳಿದಿಲ್ಲ. ಹಾಡಿಗೆ ಚಿತ್ರ ಬೇಡವೆಂದು ಈಗಲೂ ಹೇಳುತ್ತೇನೆ. ಆದರೆ ಈ ಒಂದನ್ನು ನೋಡಬಾರದಿತ್ತೆಂದು ಹೇಳಲಾರೆ.