ಗದ್ದೆಯ ಶಿಲೀಂಧ್ರಗಳ ಜಾಣ್ಮೆ

ತುಂಗಭದ್ರೆಯ ಕಾಲುವೆ ನೀರಲ್ಲಿ ಬೆಳೆಯುವ ಸಿರುಗುಪ್ಪದ ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರವನ್ನು ರೈತರು ಶಪಿಸುವುದು ನ್ಯಾಯವೇ. ಆದರೂ ಅದರ ಬೀಜಕವನ್ನು ಸೂಕ್ಷ್ಮದರ್ಶಕದಡಿ ಕಂಡವರು ಮೆಚ್ಚದೆ ಇರಲಾರರು. ಇರುವುದು ಮೂರೇ ಕೋಶ, ತುದಿಯಲ್ಲಿ ಅಂಟು. ಗಾಳಿಯಲ್ಲಿ ಬಂದು ಇಬ್ಬನಿ ಕೂತ ಎಲೆಗೆ ಕಚ್ಚಿಕೊಂಡು ಮೊಳೆಯುತ್ತದೆ, ಕಪ್ಪು ಗುಂಡನೆಯ ಕೋಶವೊಂದನ್ನು ಕಟ್ಟುತ್ತದೆ. ಅದರೊಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು! ಆ ಬಲದಿಂದಲೇ ಎಲೆಯ ಮೈ ತೂರುತ್ತದೆ.

ಕುರುಗೋಡು ಕಡೆಯ ಮೆಣಸಿನ ಗಿಡದ ಬೂದಿ ರೋಗದಲ್ಲಿ ಎಲೆಯಡಿ ಕಾಣುವ ಬಿಳಿಪುಡಿಯಲ್ಲೂ ಬೀಜಕಗಳೇ ತುಂಬಿರುತ್ತವೆ. ಆದರೆ ಎಲ್ಲ ಶಿಲೀಂಧ್ರಗಳೂ ಬೀಜಕವನ್ನೇ ನೆಚ್ಚುವುದಿಲ್ಲ: ಬಳ್ಳಾರಿಯ ಬೇಕರಿಗಳಲ್ಲಿ ಬ್ರೆಡ್ ಉಬ್ಬಿಸುವ ಯೀಸ್ಟ್ ಮೈಯಲ್ಲೇ ಮೊಗ್ಗೊಡೆದು ಮರಿ ಮಾಡುತ್ತದೆ.

ಭತ್ತದ ಎಲೆಕವಚ ಒಣಗಿಸುವ ಶಿಲೀಂಧ್ರ ಅಣಬೆಯ ದೂರದ ನೆಂಟ. ಅಣಬೆ ಕೊಡೆಯಡಿಯ ಪದರಗಳಲ್ಲಿ ಸಾಮಾನ್ಯವಾಗಿ ನಾಲ್ಕು ನಾಲ್ಕರಂತೆ ಬೀಜಕ ಹೊರುತ್ತದೆ. ಈ ನೆಂಟ ಬೀಜಕದ ಗೊಡವೆಗೆ ಹೋಗುವುದೇ ಅಪರೂಪ. ಕಂದು ಗಂಟುಗಳನ್ನು ಕಟ್ಟಿ ಮಣ್ಣಲ್ಲಿ ಕಾಯುತ್ತದೆ. ಗದ್ದೆಗೆ ನೀರು ಬಿಟ್ಟಾಗ ಅವು ತೇಲಿ ಪೈರಿನ ಬುಡ ಹಿಡಿಯುತ್ತವೆ. ನನಗೆ ಇದರ ತಾಳ್ಮೆಯೇ ಹೆಚ್ಚು ಬೆರಗು. ರೈತರೇ, ಕೆಸರು ಮಾಡಿದ ಮೇಲೆ ಬದುವಿನ ಮೂಲೆಗೆ ಈ ಗಂಟುಗಳ ಜೊತೆ ತೇಲಿ ಬರುವ ಕಸವನ್ನು ನಾಟಿಗೆ ಮುಂಚೆಯೇ ಬಳಿದು ಗದ್ದೆಯಾಚೆ ಹಾಕಿ.